ಹಳೆಯ ಪುಷ್ಪಕ್‌ಗೆ ದೊಡ್ಡ ಫಿನ್: ಅಡ್ಡಗಾಳಿಯಲ್ಲಿ ಉಪಕಾರವೋ ಅಪಕಾರವೋ?

ಜಕ್ಕೂರುದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು ಯಲಹಂಕದ ಆಚೆಗಿನ ಒಂದು ಶೆಡ್ಡಿನಲ್ಲಿ ಹಳೆಯ ಪುಷ್ಪಕ್ ವಿಮಾನವೊಂದನ್ನು ಮತ್ತೆ ಹಾರುವ ಸ್ಥಿತಿಗೆ ತರುವ ಕೆಲಸದಲ್ಲಿ ಮೂರು ವರ್ಷಗಳಿಂದ ತೊಡಗಿದ್ದೇವೆ. ಗೊತ್ತಿಲ್ಲದವರಿಗಾಗಿ ಎರಡು ಮಾತು: ಪುಷ್ಪಕ್ ನಮ್ಮ ಊರಿನ ಎಚ್‌ಎಎಲ್‌ನಲ್ಲೇ ತಯಾರಾಗಿ 1958ರಲ್ಲಿ ಮೊದಲ ಬಾರಿ ಹಾರಿದ, ಅಮೆರಿಕದ ಏರೋಂಕಾ ಚೀಫ್ ವಿಮಾನದ ವಂಶಕ್ಕೆ ಸೇರಿದ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ ಇರುವ, ಇಬ್ಬರು ಅಕ್ಕಪಕ್ಕ ಕೂರುವ ಬಾಲಚಕ್ರದ ವಿಮಾನ. ಒಂದು ಕಾಲದಲ್ಲಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಕಲಿತ ಬಹಳಷ್ಟು ಜನರ ಕೈಕಾಲು ಪಳಗಿದ್ದು ಇದರಲ್ಲೇ.

ಈಗ ಬಾಲದ ಬಟ್ಟೆಯನ್ನು ಪೂರ್ತಿ ಬಿಚ್ಚಿದ್ದೇವೆ, ಕೊಳವೆಗಳ ಚೌಕಟ್ಟು ಮಾತ್ರ ನಿಂತಿದೆ. ಬಟ್ಟೆ ಹೊದಿಸುವ ಮೊದಲೇ ಏನಾದರೂ ಬದಲಾಯಿಸುವುದಿದ್ದರೆ ಬದಲಾಯಿಸಬೇಕೆಂಬ ಚರ್ಚೆ ಆರಂಭವಾಗಿ, ಎರಡು ವಾರಗಳಿಂದ ಚಹಾ ಆರಿಹೋಗುವುದೊಂದನ್ನು ಬಿಟ್ಟರೆ ಬೇರೆ ಫಲ ಕಂಡಿಲ್ಲ. ಒಬ್ಬ ಗೆಳೆಯನ ವಾದ ಹೀಗಿದೆ: ಬಾಲದ ಮೇಲೆ ನೆಟ್ಟಗೆ ನಿಂತಿರುವ ಸ್ಥಿರ ಹಲಗೆಯಾದ ಫಿನ್ನನ್ನು ಒಂದು ಗೇಣಿನಷ್ಟು ಎತ್ತರಿಸಿ, ಅದರ ಮುಂದೆ ಬೆನ್ನಿನ ಮೇಲೆ ಹರಿದು ಬರುವಂತೆ ಡಾರ್ಸಲ್ ಫಿನ್ ಒಂದನ್ನು ಸೇರಿಸಿದರೆ ವಿಮಾನವು ಅಡ್ಡಗಾಳಿಯಲ್ಲಿ ನೆಟ್ಟಗೆ ನಿಲ್ಲುತ್ತದೆ; ಆಷಾಢದಲ್ಲಿ ಗಾಳಿಪಟ ಗಿರಕಿ ಹೊಡೆದರೆ ನಾವು ಬಾಲಂಗೋಚಿಯನ್ನು ಉದ್ದ ಮಾಡುತ್ತಿರಲಿಲ್ಲವೇ, ಇದೂ ಹಾಗೆಯೇ. ಇನ್ನೊಬ್ಬನ ವಾದ ಇದಕ್ಕೆ ತದ್ವಿರುದ್ಧ: ಬಾಲದಲ್ಲಿ ಬಟ್ಟೆ ಹೆಚ್ಚಾದಷ್ಟೂ ಗಾಳಿಗೆ ಹಿಡಿ ಸಿಕ್ಕಂತಾಗುತ್ತದೆ, ಆದ್ದರಿಂದ ಮೂಲ ಆಕಾರವನ್ನು ಮುಟ್ಟಲೇಬಾರದು.

ಈ ಪ್ರಶ್ನೆ ನನಗೆ ಬರೀ ಕುತೂಹಲದ್ದಲ್ಲ. ಬೇರೊಂದು ಬಾಲಚಕ್ರದ ವಿಮಾನದಲ್ಲಿ ಕಲಿಯುತ್ತಿದ್ದಾಗ, ಮೇ ತಿಂಗಳ ಒಂದು ಮಧ್ಯಾಹ್ನ, ಮಳೆಮೋಡ ಇನ್ನೂ ದೂರವಿದ್ದರೂ ಗಾಳಿ ಮಾತ್ರ ಮೊದಲೇ ಬಂದು ತಲುಪಿದ್ದ ಹೊತ್ತಿನಲ್ಲಿ ಇಳಿದೆ. ಇಳಿತ ಚೆನ್ನಾಗಿಯೇ ಆಯಿತು. ವೇಗವೆಲ್ಲ ಇಳಿದು, ಇನ್ನೇನು ಟ್ಯಾಕ್ಸಿವೇಗೆ ತಿರುಗಬೇಕು ಎನ್ನುವಾಗ ಮೂಗು ತಾನಾಗಿ ಗಾಳಿಯ ಕಡೆಗೆ ಹೊರಳಿತು. ವಿರುದ್ಧ ದಿಕ್ಕಿನ ಪೆಡಲನ್ನು ಕೊನೆಯವರೆಗೆ ಒತ್ತಿದರೂ ಕೇಳದೆ, ಅರ್ಧ ಸುತ್ತು ತಿರುಗಿ ಹುಲ್ಲಿನ ಮೇಲೆ ನಿಂತಿತು. ಮಾನವೊಂದನ್ನು ಬಿಟ್ಟು ಬೇರೇನೂ ಮುರಿಯಲಿಲ್ಲ. ಆ ದಿನ ಬಾಲ ಇನ್ನಷ್ಟು ದೊಡ್ಡದಾಗಿದ್ದರೆ ಬಚಾವಾಗುತ್ತಿದ್ದೆನೇ, ಅಥವಾ ಇನ್ನೂ ಬೇಗ ತಿರುಗುತ್ತಿದ್ದೆನೇ? ಲೆಕ್ಕ ಸಹಿತ ವಿವರಿಸಬಲ್ಲವರು ದಯವಿಟ್ಟು ಬರೆಯಿರಿ.

ಗಾಳಿಸುರಂಗ

ನಿಮ್ಮ ಎರಡನೆಯ ಗೆಳೆಯ ಉತ್ತರಕ್ಕೆ ಹತ್ತಿರವಿದ್ದಾರೆ, ಆದರೆ ಕಾರಣವನ್ನು ಪೂರ್ತಿ ಹೇಳಿಲ್ಲ. ಮೊದಲನೆಯವರ ಬಾಲಂಗೋಚಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದರಲ್ಲೇ ವಿಷಯವೆಲ್ಲ ಅಡಗಿದೆ.

ಗಾಳಿಪಟವನ್ನು ದಾರ ನೆಲಕ್ಕೆ ಕಟ್ಟಿಹಾಕಿರುತ್ತದೆ. ಹಾರುತ್ತಿರುವ ವಿಮಾನಕ್ಕೆ ಅಂಥ ದಾರವಿಲ್ಲ. ಹೊಳೆಯ ಸೆಳವಿನೊಳಗೆ ಸಾಗುವ ದೋಣಿಯಂತೆ ಅದು ಗಾಳಿಯ ಜೊತೆಗೇ ಸರಿಯುತ್ತ ಹೋಗುವುದರಿಂದ, ಬೀಸುತ್ತಿರುವುದು ಅಡ್ಡಗಾಳಿಯೋ ಎದುರುಗಾಳಿಯೋ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಆ ಸ್ಥಿತಿಯಲ್ಲಿ ದೊಡ್ಡ ಫಿನ್ ನಿಜಕ್ಕೂ ಸುಖ ಕೊಡುತ್ತದೆ, ಮೂಗು ಅತ್ತಿತ್ತ ಆಡುವುದು ಕಡಿಮೆಯಾಗುತ್ತದೆ. ಆದರೆ ಇಳಿಯಲು ಬಂದಾಗ ನಾವು ವಿಮಾನದ ಮೂಗನ್ನು ರನ್‌ವೇಯ ನೇರಕ್ಕೇ ಹಿಡಿಯಬೇಕೆಂದು ಹಟ ಹಿಡಿಯುತ್ತೇವೆ. ಚಕ್ರ ನೆಲಕ್ಕೆ ತಾಗಿದ ಮೇಲಂತೂ ಟಯರುಗಳೇ ದಾರವಾಗಿ ಆ ಹಟವನ್ನು ಕಾಯಂ ಮಾಡುತ್ತವೆ. ಆಗ ಗಾಳಿ ಪಕ್ಕದಿಂದ ಬಂದು ಬಾಲಕ್ಕೆ ಬಡಿಯುತ್ತದೆ, ಬಾಲವು ಗಾಳಿಯ ಜೊತೆ ಸರಿಯಲು, ಅಂದರೆ ಮೂಗು ಗಾಳಿಯ ಕಡೆ ಹೊರಳಲು ಯತ್ನಿಸುತ್ತದೆ. ಈ ಹೊರಳುವಿಕೆಯನ್ನು ತಡೆಯುವ ಕೆಲಸ ಫಿನ್ನಿನ ಹಿಂದಂಚಿನಲ್ಲಿ ಕೀಲಿನ ಮೇಲೆ ಆಡುವ, ನಾವು ಪೆಡಲಿನಿಂದ ತಿರುಗಿಸುವ ರಡ್ಡರ್‌ನದು. ಆದ್ದರಿಂದ ಅಡ್ಡಗಾಳಿಯ ಮಟ್ಟಿಗೆ ಸ್ಥಿರವಾದ ಫಿನ್ ಎದುರಾಳಿ, ರಡ್ಡರ್ ನಮ್ಮ ಕಡೆಯವನು. ಬಾಲದ ಒಟ್ಟು ವಿಸ್ತೀರ್ಣವನ್ನು ನೋಡಿ ಏನನ್ನೂ ತೀರ್ಮಾನಿಸಲಾಗದು. ಇವರಿಬ್ಬರ ನಡುವಿನ ಬಲಾಬಲವನ್ನು ನೋಡಬೇಕು.

ಲೆಕ್ಕ ಕೇಳಿದ್ದೀರಿ. ಇಲ್ಲಿ ಕೊಡುವ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು, ಪುಷ್ಪಕ್‌ನ ಅಳತೆಗಳಲ್ಲ. ಒಂದು ವಿಮಾನದಲ್ಲಿ ಪೂರ್ತಿ ರಡ್ಡರ್ ಕೊಟ್ಟು ಸ್ಲಿಪ್ ಮಾಡಿದಾಗ, ಅಂದರೆ ಎದುರಿನ ಹರಿವಿಗೆ ಮೂಗನ್ನು ಓರೆಯಾಗಿಟ್ಟು ಹಾರಿಸಿದಾಗ, ಅದು 15 ಡಿಗ್ರಿ ಓರೆಯಲ್ಲಿ ಸಮತೋಲನಕ್ಕೆ ಬರುತ್ತದೆ ಎಂದುಕೊಳ್ಳಿ. 48 ನಾಟ್ ವೇಗದಲ್ಲಿ ಇಳಿಯುವಾಗ 15 ಡಿಗ್ರಿಯೆಂದರೆ ಸುಮಾರು 12.4 ನಾಟ್ ಅಡ್ಡಗಾಳಿ. ಅಷ್ಟರವರೆಗೆ ಮೂಗನ್ನು ನೇರ ಹಿಡಿಯಬಹುದು.

ಈಗ ಫಿನ್ನಿನ ವಿಸ್ತೀರ್ಣವನ್ನು ಶೇಕಡ 20ರಷ್ಟು ಹೆಚ್ಚಿಸಿ, ರಡ್ಡರ್ ಅನ್ನು ಇದ್ದಂತೆಯೇ ಬಿಡೋಣ. ಇಲ್ಲಿ ಜನ ಎಡವುವ ಒಂದು ಸೂಕ್ಷ್ಮವಿದೆ. ವಿಮಾನದ ದಿಕ್‌ಸ್ಥಿರತೆಯು ಫಿನ್ ಒಂದರಿಂದಲೇ ಬರುವುದಿಲ್ಲ. ಗುರುತ್ವ ಕೇಂದ್ರದ ಮುಂದಿರುವ ಮೈಯ ಭಾಗ ಮೂಗನ್ನು ಗಾಳಿಯಿಂದ ಆಚೆ ತಿರುಗಿಸಲು ನೋಡುತ್ತದೆ, ಫಿನ್ ಅದನ್ನು ಮೀರಿ ಉಳಿಸಿಕೊಂಡದ್ದಷ್ಟೇ ನಿವ್ವಳ ಸ್ಥಿರತೆ. ಫಿನ್ನಿನ ಪಾಲು 1.5, ಮೈಯ ಪಾಲು ಅದಕ್ಕೆ ವಿರುದ್ಧವಾಗಿ 0.5 ಆಗಿದ್ದರೆ ನಿವ್ವಳ 1. ಫಿನ್ ಶೇಕಡ 20 ಬೆಳೆದರೆ ಅದರ ಪಾಲು 1.8, ನಿವ್ವಳ 1.3. ಅಂದರೆ ಬಟ್ಟೆ ಬೆಳೆದದ್ದು ಶೇಕಡ 20, ಗಾಳಿಯ ಕಡೆ ಹೊರಳುವ ವಿಮಾನದ ಹಟ ಬೆಳೆದದ್ದು ಶೇಕಡ 30. ಅದೇ ರಡ್ಡರ್ ಈಗ 15ರ ಬದಲು 11.5 ಡಿಗ್ರಿಗಷ್ಟೇ ಸಾಲುತ್ತದೆ, 12.4 ನಾಟ್ ಇದ್ದ ಮಿತಿ 9.6 ನಾಟ್‌ಗೆ ಕುಸಿಯುತ್ತದೆ. ಎತ್ತರ ಹೆಚ್ಚಿದ ಫಿನ್ ಉದ್ದನೆಯ ರೆಕ್ಕೆಯಂತೆ ಪ್ರತಿ ಡಿಗ್ರಿಗೂ ಹೆಚ್ಚು ಬಲ ಹುಟ್ಟಿಸುವುದರಿಂದ ವಾಸ್ತವದಲ್ಲಿ ನಷ್ಟ ಇದಕ್ಕಿಂತ ತುಸು ಹೆಚ್ಚೇ ಇರಬಹುದು.

ನೆಲದ ಮೇಲಿನ ಓಟದ ಕಥೆ ಇನ್ನೂ ಕಠಿಣವಾದದ್ದು, ನಿಮ್ಮ ಮೇ ತಿಂಗಳ ಪ್ರಸಂಗಕ್ಕೆ ಸಂಬಂಧಿಸಿದ್ದೂ ಅದೇ. ರಡ್ಡರ್‌ನ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ: ವೇಗ ಅರ್ಧವಾದರೆ ಬಲ ಕಾಲು ಭಾಗ. ಆದರೆ ಗಾಳಿಯ ಕಡೆ ಹೊರಳಿಸುವ ಬಲ ಅಷ್ಟು ಬೇಗ ಇಳಿಯುವುದಿಲ್ಲ, ಏಕೆಂದರೆ ವಿಮಾನ ನಿಧಾನವಾದಷ್ಟೂ ಅದೇ ಅಡ್ಡಗಾಳಿ ಬಾಲಕ್ಕೆ ಹೆಚ್ಚು ಓರೆಯಾಗಿ ಬಡಿಯುತ್ತ ಹೋಗುತ್ತದೆ. ಸ್ಥೂಲವಾಗಿ ಅದು ವೇಗಕ್ಕೆ ಅನುಗುಣವಾಗಿ ಮಾತ್ರ ಇಳಿಯುತ್ತದೆ. ಹೀಗಾಗಿ ಒಂದು ವೇಗದ ಕೆಳಗೆ ರಡ್ಡರ್ ಒಂಟಿಯಾಗಿ ಸೋಲಲೇಬೇಕು. ನೇರ ಪಕ್ಕದಿಂದ 12 ನಾಟ್ ಗಾಳಿಯಿದ್ದು, ರಡ್ಡರ್ 15 ಡಿಗ್ರಿಯವರೆಗೆ ತಡೆಯಬಲ್ಲದಾದರೆ ಆ ವೇಗ ಸುಮಾರು 45 ನಾಟ್. ದೊಡ್ಡ ಫಿನ್ ಹಾಕಿ 11.5 ಡಿಗ್ರಿಗೆ ಇಳಿಸಿಕೊಂಡರೆ ಅದು 59 ನಾಟ್ ಆಗುತ್ತದೆ, ಅಂದರೆ 48ರಲ್ಲಿ ಚಕ್ರ ತಾಗುವ ಹೊತ್ತಿಗೇ ರಡ್ಡರ್ ಸೋತಾಗಿರುತ್ತದೆ. ಅಲ್ಲಿಂದ ಮುಂದೆ ವಿಮಾನವನ್ನು ನೇರ ಇಡುವವರು ಬಾಲಚಕ್ರ, ಬ್ರೇಕು ಮತ್ತು ಅಗತ್ಯ ಬಿದ್ದರೆ ಎಂಜಿನ್ನಿನ ಒಂದು ಕ್ಷಣದ ಗರ್ಜನೆ. ಪ್ರೊಪೆಲ್ಲರ್‌ನ ಗಾಳಿ ಬಾಲದ ಮೇಲೆ ಹರಿದು, ವಿಮಾನದ ವೇಗವಿಲ್ಲದಿದ್ದರೂ ರಡ್ಡರ್‌ಗೆ ಜೀವ ಕೊಡುತ್ತದೆ.

ಆ ದಿನ ಬಾಲ ದೊಡ್ಡದಿದ್ದರೆ ಇನ್ನೂ ಬೇಗ ತಿರುಗುತ್ತಿದ್ದಿರಿ ಎಂಬುದು ನನ್ನ ಉತ್ತರ. ಬದಲಾಯಿಸಲೇಬೇಕೆಂದಿದ್ದರೆ ರಡ್ಡರ್‌ನ ಅಗಲವನ್ನು ಹೆಚ್ಚಿಸುವುದು, ಇಲ್ಲವೇ ರಡ್ಡರ್ ಮತ್ತು ಫಿನ್ ನಡುವಿನ ಸಂದಿಯನ್ನು ಮುಚ್ಚಿ ಅಲ್ಲಿ ಸೋರುವ ಗಾಳಿಯನ್ನು ತಡೆಯುವುದು ಸರಿಯಾದ ದಿಕ್ಕು.

ಜಕ್ಕೂರುದಾರಿ

ಗಾಳಿಸುರಂಗ ಅವರಿಗೆ ಬಹಳ ಧನ್ಯವಾದಗಳು. ಫಿನ್ ಎತ್ತರಿಸುವ ಮಾತು ಇಲ್ಲಿಗೆ ಮುಗಿದಂತೆಯೇ. ಆದರೆ ಡಾರ್ಸಲ್ ಫಿನ್ನನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕೇ? ಗೆಳೆಯ ಅದನ್ನಾದರೂ ಉಳಿಸಿಕೊಳ್ಳಲು ಹೋರಾಡುತ್ತಿದ್ದಾನೆ.

ಗಾಳಿಸುರಂಗ

ಅದು ಬೇರೆ ಪ್ರಾಣಿ. ಡಾರ್ಸಲ್ ಫಿನ್ ಉದ್ದವಾಗಿ, ತಗ್ಗಾಗಿ, ಬೆನ್ನಿಗೆ ಅಂಟಿಕೊಂಡಿರುವುದರಿಂದ ಸಣ್ಣ ಓರೆಗಳಲ್ಲಿ ಹೆಚ್ಚೇನೂ ಬಲ ಹುಟ್ಟಿಸುವುದಿಲ್ಲ. ಓರೆ ಬಹಳವಾಗಿ ಫಿನ್ ಸ್ಟಾಲ್ ಆಗುವ, ಅಂದರೆ ಗಾಳಿಯ ಹರಿವು ಕಳಚಿ ಅದು ಬಲ ಕಳೆದುಕೊಳ್ಳುವ ಹಂತಕ್ಕೆ ಬಂದಾಗ ಅದರ ಅಂಚಿನಿಂದ ಎದ್ದ ಸುಳಿಯು ಫಿನ್ನಿನ ಮೇಲಿನ ಹರಿವನ್ನು ಅಂಟಿಸಿ ಹಿಡಿಯುತ್ತದೆ. ದೊಡ್ಡ ಓರೆಯಲ್ಲಿ ರಡ್ಡರ್ ತಾನೇ ಕೊನೆಗೆ ಹೋಗಿ ಸಿಕ್ಕಿಕೊಳ್ಳುವ 'ರಡ್ಡರ್ ಲಾಕ್' ತಪ್ಪಿಸಲೆಂದೇ ಅದನ್ನು ಹಾಕುವುದು. ಬೋಯಿಂಗ್ 307 ಸ್ಟ್ರಾಟೋಲೈನರ್‌ನ ಮೊದಲ ವಿಮಾನ 1939ರ ಮಾರ್ಚ್ 18ರಂದು ಪರೀಕ್ಷಾ ಹಾರಾಟದಲ್ಲಿ ಬಿದ್ದ ಮೇಲೆ ಆ ಮಾದರಿಗೆ ದೊಡ್ಡ ಡಾರ್ಸಲ್ ಫಿನ್ ಬಂತು, ಅದೇ ಬಗೆಯ ಬಾಲ ಅದೇ ಕಂಪನಿಯ ಬಾಂಬರ್ ವಿಮಾನ ಬಿ-17ರ ಮುಂದಿನ ಮಾದರಿಗಳಲ್ಲೂ ಕಾಣಿಸಿತು. ನಿಮ್ಮ ಗೆಳೆಯನ ಡಾರ್ಸಲ್ ಫಿನ್ 12, 15 ಡಿಗ್ರಿಗಳ ಅಡ್ಡಗಾಳಿ ಇಳಿತಕ್ಕೆ ಉಪಕಾರವನ್ನೂ ಮಾಡದು, ದೊಡ್ಡ ಅಪಕಾರವನ್ನೂ ಮಾಡದು. ಓಟ ನಿಧಾನವಾಗಿ ಗಾಳಿ 30 ಡಿಗ್ರಿಯಲ್ಲಿ ಬಡಿಯತೊಡಗಿದಾಗ ಮಾತ್ರ, ಸ್ಟಾಲ್ ಆಗಿ ಸುಮ್ಮನಾಗಬೇಕಿದ್ದ ಫಿನ್ನನ್ನು ಅದು ಎಚ್ಚರವಾಗಿ ಇಡುತ್ತದೆ, ಅಲ್ಲಿ ನಮಗೆ ಬೇಕಾದದ್ದು ಅದರ ನಿದ್ರೆ.

ಎರಡೂರಿನವ

ಹದಿನೈದು ವರ್ಷ ಅಮೆರಿಕದಲ್ಲಿದ್ದು ಈಗ ಮಲ್ಲೇಶ್ವರಕ್ಕೆ ಮರಳಿರುವ ನಾನು ಅಲ್ಲಿ ಬಿಡುವಿನ ದಿನಗಳಲ್ಲಿ ಹಳೆಯ ಬಾಲಚಕ್ರದ ವಿಮಾನಗಳನ್ನೇ ಹುಡುಕಿಕೊಂಡು ಹಾರಿಸುತ್ತಿದ್ದೆ. ಗಾಳಿಸುರಂಗ ಅವರು ಕಾಗದದ ಮೇಲೆ ಹೇಳಿದ್ದನ್ನು ನಾನು ಕಾಲಿನಲ್ಲಿ ಅನುಭವಿಸಿದ್ದು ಸ್ಟಿನ್ಸನ್ 108ರಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಕೂಡಲೆ ಬಂದ ಈ ನಾಲ್ಕು ಆಸನದ ವಿಮಾನದ ಮೊದಲ ಮಾದರಿಗಳಿಗೆ ದುಂಡಗಿನ, ಸಾಧಾರಣ ಗಾತ್ರದ ಬಾಲ. ಕೊನೆಯ 108-3ಕ್ಕೆ ಮಾತ್ರ ಎತ್ತರದ ಫಿನ್ ಮತ್ತು ನೇರ ಹಿಂದಂಚಿನ ರಡ್ಡರ್. ಗಾಳಿಯಲ್ಲಿ 108-3 ರೈಲಿನಂತೆ ಹೋಗುತ್ತದೆ. ಆದರೆ ಅಡ್ಡಗಾಳಿಯಲ್ಲಿ ಇಳಿಸುವಾಗ 108-2ರಲ್ಲಿ ಪೆಡಲ್ ಇನ್ನೂ ಉಳಿದಿರುತ್ತಿದ್ದ ದಿನವೇ 108-3ರಲ್ಲಿ ಪೆಡಲ್ ಮುಗಿದು ಕಾಲು ಗೋಡೆಗೆ ತಾಗಿದಂತಾಗುತ್ತಿತ್ತು. ಎರಡನ್ನೂ ಹಾರಿಸಿದವರ ಬಾಯಲ್ಲಿ ಈ ದೂರು ಸಾಮಾನ್ಯ.

ಬಾಲದ ಆಕಾರವನ್ನು ಬದಲಾಯಿಸುವವರ ಉದ್ದೇಶ ಬಹಳ ಸಲ ಅಡ್ಡಗಾಳಿಯೇ ಆಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಸೆಸ್ನಾ 172ಕ್ಕೆ 1960ರಲ್ಲಿ ಹಿಂದಕ್ಕೆ ಬಾಗಿದ ಬಾಲ ಬಂದದ್ದು ಮುಖ್ಯವಾಗಿ ನೋಟಕ್ಕಾಗಿ. ಅದೇ ಕಂಪನಿಯ ಬಾಲಚಕ್ರದ 180 ಮತ್ತು 185 ಕೊನೆಯವರೆಗೂ ನೆಟ್ಟಗಿನ ಬಾಲವನ್ನೇ ಇಟ್ಟುಕೊಂಡವು. ವ್ಯಾನ್ಸ್ ಆರ್‌ವಿ-7ಕ್ಕೆ ಮೊದಲಿದ್ದ ಆರ್‌ವಿ-8ರ ರಡ್ಡರ್ ಬದಲು ಆರ್‌ವಿ-9ರ ದೊಡ್ಡ ರಡ್ಡರ್ ಬಂದದ್ದು, ಸ್ಟಾಲ್ ಆಗಿ ಸುತ್ತುತ್ತ ಬೀಳುವ ಸ್ಪಿನ್‌ನಿಂದ ಹೊರಬರುವ ಗುಣಕ್ಕಾಗಿ. ಚಿಪ್‌ಮಂಕ್ ತರಬೇತಿ ವಿಮಾನದ ಬಾಲದ ಮುಂದೆ ಎರಡೂ ಕಡೆ ಪಟ್ಟಿಗಳನ್ನು ಸೇರಿಸಿದ್ದೂ ಅದೇ ಕಾರಣಕ್ಕೆ. ಒಂದು ಕಾರಣಕ್ಕೆ ಮಾಡಿದ ಬದಲಾವಣೆ ಇನ್ನೊಂದು ಕಡೆ ಬಿಲ್ಲು ಕಳಿಸುತ್ತದೆ. ನಿಮ್ಮದೂ ಹಾಗೆಯೇ, ಫಿನ್ ಮುಟ್ಟಿದರೆ ಸ್ಪಿನ್ ಗುಣವೂ ಬದಲಾಗುತ್ತದೆ, ಅದನ್ನು ಮತ್ತೆ ಪರೀಕ್ಷಿಸುವ ಧೈರ್ಯ ನಿಮ್ಮ ನಾಲ್ವರಲ್ಲಿ ಯಾರಿಗಿದೆ?

ಗಾಳಿಸುರಂಗ ಅವರೊಂದಿಗೆ ಒಂದು ಸಣ್ಣ ಭಿನ್ನಾಭಿಪ್ರಾಯ. ರಡ್ಡರ್ ಅಗಲ ಮಾಡಿದರೆ ಪುಕ್ಕಟೆ ಲಾಭ ಎಂಬಂತೆ ಓದುಗರಿಗೆ ತೋರಬಹುದು. ಪೆಡಲನ್ನು ನಟ್ಟನಡುವೆ ಹಿಡಿದಿರುವಾಗ ಅಗಲವಾದ ರಡ್ಡರ್ ಕೂಡ ಫಿನ್ನಿನ ಕೆಲಸವನ್ನೇ ಮಾಡುತ್ತದೆ, ಆದ್ದರಿಂದ ಶೇಕಡ 20 ಅಗಲ ಮಾಡಿದರೆ ಶೇಕಡ 20 ಲಾಭ ಸಿಗದು. ಪೆಡಲ್ ಭಾರವಾಗುತ್ತದೆ, ಕೀಲುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೀಲಿನ ಹಿಂದೆ ತೂಕ ಹೆಚ್ಚಾದ ಕೂಡಲೆ ಫ್ಲಟರ್, ಅಂದರೆ ಗಾಳಿಯ ಹರಿವಿನಲ್ಲಿ ರಡ್ಡರ್ ತಾನಾಗಿ ಅದುರಿ ಮುರಿಯುವ ಪ್ರಶ್ನೆ ಏಳುತ್ತದೆ, ಅದನ್ನು ಶೆಡ್ಡಿನಲ್ಲಿ ಅಂದಾಜಿನ ಮೇಲೆ ಬಗೆಹರಿಸುವಂತಿಲ್ಲ.

ಗಾಳಿಸುರಂಗ

ಒಪ್ಪಿದೆ. ಫ್ಲಟರ್ ಮಾತನ್ನು ನಾನೇ ಮೊದಲು ಹೇಳಬೇಕಿತ್ತು.

ಗ್ರೀಸುಕೈ

ನಾನು ಪೈಲಟ್ ಅಲ್ಲ, ನಲವತ್ತು ವರ್ಷ ಸಣ್ಣ ವಿಮಾನಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ಇಷ್ಟು ಹೊತ್ತು ಎಲ್ಲರೂ ಬಾಲದ ಮೇಲ್ಭಾಗವನ್ನೇ ನೋಡುತ್ತಿದ್ದೀರಿ. ಪ್ರಶ್ನೆ ಕೇಳಿದವರ ವಿಮಾನ ತಿರುಗಿದ್ದು ವೇಗವೆಲ್ಲ ಇಳಿದ ಮೇಲೆ. ಆ ಹೊತ್ತಿಗೆ ರಡ್ಡರ್ ಇದ್ದರೆಷ್ಟು ಬಿಟ್ಟರೆಷ್ಟು. ಆಗ ಕೆಲಸ ಮಾಡಬೇಕಾದದ್ದು ಬಾಲದ ಕೆಳಗಿನ ಅಂಗೈಯಷ್ಟು ಅಗಲದ ಚಕ್ರ. ಬಾಲದ ಮಾರ್ಪಾಡು ಎಂದರೆ ಬಟ್ಟೆ ಮತ್ತು ಕೊಳವೆ ಮಾತ್ರವಲ್ಲ, ಈ ಚಕ್ರ, ಅದರ ಸ್ಪ್ರಿಂಗು, ಸರಪಳಿ ಎಲ್ಲವೂ ಅದರಲ್ಲಿ ಸೇರಿದೆ, ಅಪಘಾತದ ಬೀಜವೂ ನಾನು ಕಂಡಂತೆ ಹೆಚ್ಚಾಗಿ ಇಲ್ಲೇ ಇರುತ್ತದೆ.

ಮೊದಲು ಎಲೆಪಟ್ಟಿಯ ಸ್ಪ್ರಿಂಗ್ ನೋಡಿ. ವರ್ಷಗಟ್ಟಲೆ ಭಾರ ಹೊತ್ತು ಅದರ ಬಾಗು ಕುಸಿದಿದ್ದರೆ ಚಕ್ರದ ತಿರುಗುಗೂಟದ ಮೇಲ್ತುದಿ ಮುಂದಕ್ಕೆ ವಾಲುತ್ತದೆ, ಚಕ್ರವು ಗೂಟದ ಹಿಂದೆ ಎಳೆದುಕೊಂಡು ಬರುವ ಅಂತರ ಕಡಿಮೆಯಾಗುತ್ತದೆ, ಆಮೇಲೆ ಅದು ಗಡಗಡ ನಡುಗಲು ಶುರುಮಾಡುತ್ತದೆ. ನಡುಗುವ ಚಕ್ರಕ್ಕೆ ನೆಲದ ಹಿಡಿತವಿಲ್ಲ. ವಿಮಾನಕ್ಕೆ ಪೂರ್ತಿ ತೂಕ ಹೇರಿ, ಇಬ್ಬರನ್ನು ಕೂರಿಸಿ, ಆ ಗೂಟ ನೆಟ್ಟಗಿದೆಯೇ ಅಥವಾ ಮೇಲ್ತುದಿ ತುಸು ಹಿಂದಕ್ಕಿದೆಯೇ ಎಂದು ಅಳೆಯಬೇಕು. ಖಾಲಿ ವಿಮಾನದಲ್ಲಿ ಅಳೆದು ಸರಿಯಿದೆ ಎಂದವರನ್ನು ಬಹಳ ಜನ ನೋಡಿದ್ದೇನೆ.

ಎರಡನೆಯದು, ಚಕ್ರ ಪೆಡಲಿನ ಹಿಡಿತದಿಂದ ಕಳಚಿಕೊಂಡು ಸ್ವತಂತ್ರವಾಗಿ ತಿರುಗುವ ಕಟ್ಟು. ಪೆಡಲಿಗೆ ಸಿಕ್ಕಿ ತಿರುಗುವ ಚಕ್ರ ಒಂದು ಕೋನ ದಾಟಿದ ಮೇಲೆ ಪೂರ್ತಿ ಬಿಡುಗಡೆಯಾಗುವಂತೆ ಮಾಡಿರುತ್ತಾರೆ, ಶೆಡ್ಡಿನೊಳಗೆ ವಿಮಾನವನ್ನು ನೂಕಿ ತಿರುಗಿಸಲು ಅದು ಬೇಕು. ಒಳಗಿನ ಕಚ್ಚು ಸವೆದಿದ್ದರೆ ಆ ಬಿಡುಗಡೆ ಬೇಡದ ಹೊತ್ತಿನಲ್ಲಿ, ಬಹಳ ಮೊದಲೇ ಆಗಿಬಿಡುತ್ತದೆ. ಆಮೇಲೆ ವಿಮಾನ, ಹಿಂದು ಮುಂದಾಗಿ ನೂಕಿದ ಎತ್ತಿನ ಗಾಡಿ ಇದ್ದ ಹಾಗೆ: ಮೂಕಿ ತುಸು ಪಕ್ಕಕ್ಕೆ ಸರಿದರೆ ಸಾಕು, ಗಾಡಿಯ ಭಾರವೇ ಅದನ್ನು ಇನ್ನಷ್ಟು ಸರಿಸುತ್ತದೆ. ಬಾಲಚಕ್ರದ ವಿಮಾನದಲ್ಲಿ ಗುರುತ್ವ ಕೇಂದ್ರ ಮುಂದಿನ ಚಕ್ರಗಳ ಹಿಂದಿರುವುದರಿಂದ ಈ ಗುಣ ಹುಟ್ಟಿನಿಂದಲೇ ಬಂದದ್ದು.

ಅದಕ್ಕೇ ಬಾಲಕ್ಕೆ ತೂಕ ಸೇರಿಸುವವರನ್ನು ಕಂಡರೆ ನನಗೆ ಆಗದು. ಡಾರ್ಸಲ್ ಫಿನ್, ಎತ್ತರದ ಚೌಕಟ್ಟು, ಬಣ್ಣ ಎಲ್ಲ ಸೇರಿ ಎರಡು ಕಿಲೋ ಎಂದಿಟ್ಟುಕೊಳ್ಳಿ. ಗುರುತ್ವ ಕೇಂದ್ರದಿಂದ ನಾಲ್ಕೂವರೆ ಮೀಟರ್ ಹಿಂದೆ ಅದನ್ನು ಕೂರಿಸಿದರೆ 550 ಕಿಲೋ ವಿಮಾನದ ಗುರುತ್ವ ಕೇಂದ್ರ 16 ಮಿಲಿಮೀಟರ್ ಹಿಂದೆ ಹೋಗುತ್ತದೆ. ಸಣ್ಣ ಸಂಖ್ಯೆ ಎನ್ನಬೇಡಿ. ಒಮ್ಮೆ ತಿರುಗಲು ಶುರುವಾದ ಬಾಲವನ್ನು ನಿಲ್ಲಿಸುವಾಗ ಆ ಎರಡು ಕಿಲೋ ದೂರದ ತುದಿಯಲ್ಲಿ ಕುಳಿತು ವಾದ ಮಾಡುತ್ತದೆ. ದಪ್ಪ ಟಯರಿನ ಭಾರದ ಬಾಲಚಕ್ರವನ್ನು ಚಂದ ಕಾಣುತ್ತದೆಂದು ಹಾಕುವವರಿಗೂ ಇದೇ ಮಾತು.

ಮುಂದಿನ ಚಕ್ರಗಳ ನೇರವನ್ನೂ ಅಳೆಯಿರಿ. ಎರಡೂ ಚಕ್ರ ಒಳಮುಖವಾಗಿದ್ದರೆ, ವಿಮಾನ ಎಡಕ್ಕೆ ಹೊರಳಿದಾಗ ಭಾರ ಬೀಳುವ ಬಲಚಕ್ರವೂ ಎಡಕ್ಕೇ ನೋಡುತ್ತಿರುತ್ತದೆ, ಹೊರಳುವಿಕೆಗೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ಕೊನೆಗೆ ರಡ್ಡರ್‌ನ ತಿರುವು ಎರಡೂ ಕಡೆ ಕೈಪಿಡಿಯಲ್ಲಿ ಹೇಳಿದಷ್ಟು ಡಿಗ್ರಿ ಬರುತ್ತಿದೆಯೇ ನೋಡಿ. ತಂತಿ ಹಿಗ್ಗಿ, ತಡೆಗೂಟ ತಪ್ಪಾಗಿ ಕೂತು, ಒಂದು ಕಡೆ ಐದು ಡಿಗ್ರಿ ಕಡಿಮೆ ತಿರುಗುವ ರಡ್ಡರ್ ಇಟ್ಟುಕೊಂಡು ಫಿನ್ ಬದಲಿಸಬೇಕೆಂದು ಚರ್ಚಿಸಿದವರ ಶೆಡ್ಡಿಗೂ ಹೋಗಿ ಬಂದಿದ್ದೇನೆ.

ಪ್ರಶ್ನೆ ಕೇಳಿದವರಿಗೆ ನನ್ನದೊಂದು ಪ್ರಶ್ನೆ: ಆ ದಿನ ವಿಮಾನ ಹೊರಳಿದಾಗ ನಿಮ್ಮ ಕೈಯಲ್ಲಿದ್ದ ಸ್ಟಿಕ್ ಎಲ್ಲಿತ್ತು?

ಜಕ್ಕೂರುದಾರಿ

ಈ ಪ್ರಶ್ನೆಯನ್ನು ಯಾರೂ ಕೇಳದಿರಲಿ ಎಂದುಕೊಂಡಿದ್ದೆ. ಇಳಿತ ಮುಗಿಯಿತೆಂದು ಸ್ಟಿಕ್ ಬಿಟ್ಟು, ರೇಡಿಯೋದಲ್ಲಿ ಮಾತನಾಡಲು ಕೈ ಚಾಚಿದ್ದೆ. ಸ್ಟಿಕ್ ತಾನಾಗಿ ಮುಂದಕ್ಕೆ ಹೋಗಿತ್ತು.

ಗ್ರೀಸುಕೈ

ಹಾಗಾದರೆ ಬಾಲಚಕ್ರದ ಮೇಲೆ ಭಾರವೇ ಇರಲಿಲ್ಲ. ಸ್ಟಿಕ್ಕನ್ನು ಹೊಟ್ಟೆಗೆ ತಾಗುವಂತೆ ಹಿಂದಕ್ಕೆ ಎಳೆದು ಹಿಡಿದಿದ್ದರೆ ಬಾಲದ ಅಡ್ಡ ಹಲಗೆಯಾದ ಎಲಿವೇಟರ್ ಬಾಲವನ್ನು ನೆಲಕ್ಕೆ ಒತ್ತುತ್ತಿತ್ತು, ಚಕ್ರಕ್ಕೆ ಹಿಡಿತ ಸಿಗುತ್ತಿತ್ತು, ರೆಕ್ಕೆತುದಿಯ ಐಲೆರಾನ್ ಹಲಗೆಗಳು ಪೂರ್ತಿ ಗಾಳಿಯ ಕಡೆಗಿದ್ದಿದ್ದರೆ ಆ ಕಡೆಯ ರೆಕ್ಕೆಯೂ ಏಳುತ್ತಿರಲಿಲ್ಲ. ಫಿನ್ನಿನ ಮೇಲೆ ಆರೋಪ ಹೊರಿಸುವಂತಿಲ್ಲ.

ಮೂರುಸಾವಿರಡಿ

ನಮ್ಮ ಊರಿನ ಎತ್ತರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲವಾದ್ದರಿಂದ ಸಣ್ಣದೊಂದು ಸೇರ್ಪಡೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ 33 ಡಿಗ್ರಿ ಸೆಲ್ಸಿಯಸ್ ಇದ್ದಾಗ ಇಲ್ಲಿನ ಗಾಳಿಯ ಸಾಂದ್ರತೆ ಪ್ರಮಾಣಿತ ವಾತಾವರಣದ 5,900 ಅಡಿಯ ಗಾಳಿಗೆ ಸಮ. ವೇಗಮಾಪಕ 48 ನಾಟ್ ತೋರಿಸುವಾಗ ನಿಜವಾದ ವೇಗ 52 ನಾಟ್ ದಾಟಿರುತ್ತದೆ.

ಇದರಿಂದ ಒಂದು ಲಾಭ, ಒಂದು ನಷ್ಟ. ನಿಜವೇಗ ಹೆಚ್ಚಿರುವುದರಿಂದ 12 ನಾಟ್ ಅಡ್ಡಗಾಳಿಗೆ ಬೇಕಾಗುವ ಓರೆ 14.5 ಡಿಗ್ರಿಯಿಂದ 13ರ ಆಸುಪಾಸಿಗೆ ಇಳಿಯುತ್ತದೆ, ಚಕ್ರ ತಾಗುವ ಕ್ಷಣ ತುಸು ಸುಲಭ. ಆದರೆ ನೆಲದ ಮೇಲೆ ಹೊತ್ತು ತಂದ ಚಲನಶಕ್ತಿ ಶೇಕಡ 19ರಷ್ಟು ಹೆಚ್ಚು. ತೆಳುವಾದ ಗಾಳಿಯಲ್ಲಿ ಅದೇ ನೆಲವೇಗಕ್ಕೆ ರಡ್ಡರ್‌ನ ಬಲ ಶೇಕಡ 16 ಕಡಿಮೆ. ಬಾಲವನ್ನು ತಳ್ಳುವ ಅಡ್ಡಗಾಳಿಯೂ ಅಷ್ಟೇ ದುರ್ಬಲವಾಗುವುದರಿಂದ ಗಾಳಿಗೂ ರಡ್ಡರ್‌ಗೂ ನಡುವಿನ ಪಂದ್ಯ ಸಮವೇ. ಆದರೆ ಗ್ರೀಸುಕೈ ಅವರು ಹೇಳಿದ ಎತ್ತಿನ ಗಾಡಿಯ ಭಾರ ಮಾತ್ರ ಯಾವ ಎತ್ತರದಲ್ಲೂ ಕಡಿಮೆಯಾಗುವುದಿಲ್ಲ. ಕರಾವಳಿಯ ರನ್‌ವೇಯಲ್ಲಿ ರಡ್ಡರ್‌ನಿಂದ ತಡೆಯಬಹುದಾಗಿದ್ದ ಹೊರಳುವಿಕೆ ಇಲ್ಲಿ ಕೈಮೀರುವುದು ಹಾಗೆ.

ಗಾಳಿಯ ದಿಕ್ಕಿನ ಮಟ್ಟಿಗೆ ನಾವು ಪುಣ್ಯವಂತರು. ಇಲ್ಲಿನ ರನ್‌ವೇಗಳೆಲ್ಲ ಬಹುತೇಕ ಪೂರ್ವ-ಪಶ್ಚಿಮವಾಗಿವೆ, ಮುಂಗಾರಿನ ಗಾಳಿ ಪಶ್ಚಿಮದಿಂದ, ಚಳಿಗಾಲದ ಗಾಳಿ ಪೂರ್ವದಿಂದ. ತೊಂದರೆ ಕೊಡುವುದು ಏಪ್ರಿಲ್-ಮೇ ತಿಂಗಳ ಗುಡುಗುಮಳೆಯ ಮುನ್ನಿನ ಗಾಳಿ. ಅದಕ್ಕೆ ದಿಕ್ಕೂ ಇಲ್ಲ, ದಾಕ್ಷಿಣ್ಯವೂ ಇಲ್ಲ.

ಎರಡೂರಿನವ

ಇನ್ನೊಂದು ವಿಷಯ ನೆನಪಾಯಿತು. ಸಣ್ಣ ವಿಮಾನಗಳ ವಿನ್ಯಾಸಕ್ಕೆ ಅನ್ವಯಿಸುವ ಅಮೆರಿಕದ 'ಭಾಗ 23'ರ ನಿಯಮಗಳು 2017ರಲ್ಲಿ ಪರಿಷ್ಕರಣೆಯಾಗುವ ಮೊದಲು, ನೇರ ಪಕ್ಕದ ಗಾಳಿಯಲ್ಲಿ ಸುರಕ್ಷಿತವೆಂದು ತೋರಿಸಬೇಕಾದ ಕನಿಷ್ಠ ಮಿತಿ ಇಳಿಯುವ ಸ್ಥಿತಿಯ ಸ್ಟಾಲ್ ವೇಗದ 0.2 ಪಾಲು ಆಗಿತ್ತು. 40 ನಾಟ್‌ನಲ್ಲಿ ಸ್ಟಾಲ್ ಆಗುವ ವಿಮಾನಕ್ಕೆ ಅದು 8 ನಾಟ್. ಗಾಳಿಸುರಂಗ ಅವರ ಉದಾಹರಣೆಯ ದೊಡ್ಡ ಫಿನ್ ವಿಮಾನವೂ 9.6 ನಾಟ್‌ನೊಂದಿಗೆ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ! ಆದ್ದರಿಂದ ನಿಯಮ ಮೀರಿಲ್ಲ ಎಂಬುದನ್ನು ಚೆನ್ನಾಗಿದೆ ಎಂದು ಓದಿಕೊಳ್ಳಬೇಡಿ. ನಮ್ಮಲ್ಲಂತೂ ಮೂಲ ವಿನ್ಯಾಸದ ಯಾವ ಬದಲಾವಣೆಗೂ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಅನುಮೋದನೆ ಬೇಕು, ಬಾಲದ ಚೌಕಟ್ಟಿಗೆ ಬೆಸುಗೆ ಹಾಕುವ ಮೊದಲೇ.

ಜಕ್ಕೂರುದಾರಿ

ನಿನ್ನೆ ಭಾನುವಾರ ಶೆಡ್ಡಿನಲ್ಲಿ ಎಲ್ಲರೂ ಕುಳಿತು ಈ ಉತ್ತರಗಳನ್ನು ಗಟ್ಟಿಯಾಗಿ ಓದಿದೆವು. ಬಾಲಂಗೋಚಿಯ ಗೆಳೆಯ ಮೊದಲು ಮುಖ ಸಣ್ಣ ಮಾಡಿಕೊಂಡರೂ, ಆಮೇಲೆ ತಾನೇ ಕೋನಮಾಪಕ ತಂದು ರಡ್ಡರ್‌ನ ತಿರುವು ಅಳೆದ. ಎಡಕ್ಕೆ ಕೈಪಿಡಿಯಲ್ಲಿದ್ದಷ್ಟೇ ಬಂತು, ಬಲಕ್ಕೆ ನಾಲ್ಕು ಡಿಗ್ರಿ ಕಡಿಮೆ. ಕಾರಣ ಹುಡುಕಿದಾಗ ಬಲಗಡೆಯ ತಡೆಗೂಟಕ್ಕೆ ಯಾರೋ ಯಾವುದೋ ಕಾಲದಲ್ಲಿ ಹಾಕಿದ್ದ ಹೆಚ್ಚುವರಿ ವಾಷರ್ ಒಂದು ಬಣ್ಣದ ಕೆಳಗೆ ಅಡಗಿ ಕುಳಿತಿತ್ತು. ಬಾಲಚಕ್ರದ ಗೂಟವನ್ನು ಖಾಲಿ ವಿಮಾನದಲ್ಲಿ ಅಳೆದೆವು, ನೆಟ್ಟಗಿದೆ. ಇಬ್ಬರನ್ನು ಕೂರಿಸಿ ಅಳೆಯುವುದು ಆಸನಗಳು ಬಂದ ಮೇಲೆ. ಬಾಲದ ಆಕಾರ ಇದ್ದಂತೆಯೇ ಇರುತ್ತದೆ. ರಡ್ಡರ್ ಸಂದಿ ಮುಚ್ಚುವ ವಿಚಾರವನ್ನು ಮಾತ್ರ ಅನುಮೋದನೆ ಕೇಳಬೇಕಾದವುಗಳ ಪಟ್ಟಿಗೆ ಸೇರಿಸಿದ್ದೇವೆ.

ಗ್ರೀಸುಕೈ ಅವರೇ, ಕಚ್ಚು ಸವೆದಿದೆಯೇ ಎಂಬುದನ್ನು ಬಾಲಚಕ್ರ ಬಿಚ್ಚದೆ ತಿಳಿಯುವ ದಾರಿಯಿದೆಯೇ?

ಗ್ರೀಸುಕೈ

ಬಾಲವನ್ನು ಕುದುರೆಯ (ಆಸರೆಯ ಸ್ಟ್ಯಾಂಡಿನ) ಮೇಲೆ ಎತ್ತಿಡಿ. ಒಬ್ಬರು ಪೆಡಲನ್ನು ನಡುವಿನಲ್ಲಿ ಗಟ್ಟಿಯಾಗಿ ಹಿಡಿಯಲಿ, ಇನ್ನೊಬ್ಬರು ಚಕ್ರವನ್ನು ಕೈಯಿಂದ ನಿಧಾನವಾಗಿ ಪಕ್ಕಕ್ಕೆ ತಿರುಗಿಸಲಿ. ಅದು ಕಳಚಿಕೊಳ್ಳುವ ಕೋನವನ್ನು ಎರಡೂ ಕಡೆ ಗುರುತು ಹಾಕಿಕೊಂಡು ಚಕ್ರದ ಕೈಪಿಡಿಯೊಂದಿಗೆ ಹೋಲಿಸಿ. ಎರಡು ಕಡೆಯ ಕೋನಗಳಲ್ಲಿ ವ್ಯತ್ಯಾಸ ಕಂಡರೆ, ಅಥವಾ ಕಳಚುವಾಗ ಟಕ್ ಎಂಬ ಸದ್ದಿನ ಬದಲು ಬೆಣ್ಣೆಯಲ್ಲಿ ಜಾರಿದಂತೆ ಹೋದರೆ, ಬಿಚ್ಚಲೇಬೇಕು. ಬಿಚ್ಚುವ ದಿನ ಹೇಳಿ, ನಾನೂ ಬರುತ್ತೇನೆ. ಚಹಾ ಬಿಸಿಯಾಗಿರಲಿ.